ಬಾಣಂತಿಯ ಮನಸ್ಸು

ನಮ್ಮ ನಾಡಿನಲ್ಲಿ ಬಾಣಂತನವು ತಲೆಮಾರುಗಳಿಂದ ನಡೆದುಬಂದಿರುವ ಶುಶ್ರೂಷೆ. ಚೊಚ್ಚಲ ಹೆರಿಗೆಗೆ ಮಗಳನ್ನು ತವರಿಗೆ ಕರೆತರುವುದು, ಎಣ್ಣೆನೀರು ಎರೆಯುವುದು, ಸಾಂಬ್ರಾಣಿ ಹೊಗೆ ಹಾಕುವುದು, ಮೆಣಸು ಬೆಳ್ಳುಳ್ಳಿಗಳ ಸಾರು ಬಡಿಸುವುದು ಇವೆಲ್ಲವೂ ಬಳಲಿದ ದೇಹದ ಆರೈಕೆಗಾಗಿ ನಡೆಯುತ್ತವೆ. ಆದರೆ ಆ ದೇಹದೊಳಗಿನ ಮನಸ್ಸನ್ನು ವಿಚಾರಿಸುವವರು ವಿರಳ. “ಮಗು ಹಾಲು ಕುಡಿಯಿತೇ?” ಎಂದು ಬಂದವರೆಲ್ಲರೂ ಕೇಳುತ್ತಾರೆ; “ನೀನು ಹೇಗಿದ್ದೀಯಮ್ಮ?” ಎಂದು ಕೇಳುವವರು ಎಷ್ಟು ಮಂದಿ?

ಗರ್ಭಿಣಿಯ ರಕ್ತದಲ್ಲಿ ಅಧಿಕವಾಗಿದ್ದ ಕೆಲವು ಹಾರ್ಮೋನುಗಳು ಹೆರಿಗೆಯಾದೊಡನೆ ತೀವ್ರವಾಗಿ ಇಳಿಯುತ್ತವೆ. ಅದರೊಡನೆ ನೋವು, ನಿದ್ದೆಗೇಡುಗಳೂ ಸೇರುತ್ತವೆ. ಮೂರು ನಾಲ್ಕು ದಿನಗಳಲ್ಲಿ ಎಷ್ಟೋ ತಾಯಂದಿರಿಗೆ ಕಾರಣವಿಲ್ಲದೆ ಅಳು ಬರುವುದುಂಟು. ಈ ದುಗುಡ ಸಾಮಾನ್ಯವಾಗಿ ಎರಡು ವಾರಗಳೊಳಗೆ ತಾನಾಗಿಯೇ ಕರಗುತ್ತದೆ. ಕರಗದೆ ಉಳಿದರೆ ಅದನ್ನು ಖಿನ್ನತೆಯೆಂದು ಶಂಕಿಸಬೇಕು. ಮಗು ಮಲಗಿದರೂ ತಾಯಿಗೆ ನಿದ್ದೆ ಬಾರದು, ಅನ್ನ ರುಚಿಸದು, ‘ನಾನು ತಕ್ಕ ತಾಯಿಯಲ್ಲ’ ಎಂಬ ಕೊರಗು ಬಿಡದು. ಇದು ಗರ್ಭಾವಸ್ಥೆಯಲ್ಲಿಯೇ ಆರಂಭವಾಗುವುದೂ ಉಂಟು. ಗೋವೆಯಲ್ಲಿ ವಿಕ್ರಂ ಪಟೇಲರೂ ಸಂಗಡಿಗರೂ ನಡೆಸಿ 2002ರಲ್ಲಿ ಪ್ರಕಟಿಸಿದ ಅಧ್ಯಯನವು ಬಡತನ, ದಾಂಪತ್ಯದ ವಿರಸಗಳ ಜೊತೆಗೆ ಹುಟ್ಟಿದ ಮಗು ಹೆಣ್ಣೋ ಗಂಡೋ ಎಂಬುದಕ್ಕೂ ಈ ಖಿನ್ನತೆಗೂ ಸಂಬಂಧವಿರುವುದನ್ನು ತೋರಿಸಿತು. ಬಾಣಂತಿಯ ಮುಂದೆ ನಿಂತು “ಮತ್ತೆ ಹೆಣ್ಣೇ?” ಎಂದು ನಿಟ್ಟುಸಿರಿಡುವ ಬಂಧುಗಳು ಇದನ್ನು ಅರಿಯಬೇಡವೇ?

ಈ ಬೇನೆಗೆ ಮದ್ದುಂಟು. ಸಮಾಧಾನದ ಮಾತೂ ಮದ್ದೇ. ಅದರ ಬಲವೆಷ್ಟೆಂಬುದಕ್ಕೆ ನೆರೆಯ ಪಾಕಿಸ್ತಾನದ ರಾವಲ್ಪಿಂಡಿಯ ಹಳ್ಳಿಗಳಲ್ಲಿ ನಡೆದ ಒಂದು ಪ್ರಯೋಗ ಸಾಕ್ಷಿಯಾಗಿದೆ. ಪ್ರೌಢಶಾಲೆಯವರೆಗೆ ಓದಿದ ಗ್ರಾಮೀಣ ಆರೋಗ್ಯ ಕಾರ್ಯಕರ್ತೆಯರು ಅಲ್ಲಿ ತರಬೇತಿ ಪಡೆದು, ಖಿನ್ನರಾದ ಗರ್ಭಿಣಿಯರ ಮನೆಗಳಿಗೆ ಹೋದರು. ಹೆರಿಗೆಗೆ ಮೊದಲ ತಿಂಗಳಿಂದ ತೊಡಗಿ ಒಟ್ಟು 16 ಬಾರಿ ಭೇಟಿಕೊಟ್ಟು, ಕುಳಿತು ಮಾತನಾಡಿದರು. ಮನೆಯವರನ್ನೂ ನೆರವಿಗೆ ಕರೆದರು. ಮಗುವಿಗೆ ಆರು ತಿಂಗಳಾಗುವ ಹೊತ್ತಿಗೆ ಇವರಲ್ಲಿ ಶೇಕಡಾ 23 ಮಂದಿಯಲ್ಲಿ ಮಾತ್ರ ಖಿನ್ನತೆ ಉಳಿದಿತ್ತು. ಈ ಮಾತುಕತೆ ದೊರೆಯದ ತಾಯಂದಿರಲ್ಲಿ ಅದು ಶೇಕಡಾ 53 ಆಗಿತ್ತು. ಈ ಫಲಿತಾಂಶ 2008ರಲ್ಲಿ ಪ್ರಕಟವಾಯಿತು. ನಮ್ಮ ಊರುಗಳ ಆಶಾ ಕಾರ್ಯಕರ್ತೆಯರೂ ಬಾಣಂತಿಯರ ಮನೆಗೆ ಹೋಗುವವರೇ.

ಮಾತಿಗೆ ಮೀರಿದ ಸ್ಥಿತಿಯೂ ಒಂದಿದೆ. ಸಾವಿರ ಹೆರಿಗೆಗಳಲ್ಲಿ ಒಬ್ಬಿಬ್ಬರಿಗೆ ಕೆಲವೇ ದಿನಗಳಲ್ಲಿ ಬುದ್ಧಿಭ್ರಮಣೆ ಉಂಟಾಗುತ್ತದೆ. ಇಲ್ಲದ ದನಿಗಳು ಕೇಳಿಸುತ್ತವೆ. ಹಿಂದಿನವರು ಇದನ್ನು ಬಾಣಂತಿ ಸನ್ನಿ ಎಂದರು. ಗಾಳಿ ಸೋಕಿತೆಂದು ತಾಯತ ಕಟ್ಟಿಸಿದವರೂ ಇದ್ದರು. ಇಂಥವಳನ್ನು ತಡಮಾಡದೆ ಅಂದೇ ಆಸ್ಪತ್ರೆಗೆ ಕರೆದೊಯ್ಯಬೇಕು. ಸಕಾಲದಲ್ಲಿ ಚಿಕಿತ್ಸೆ ದೊರೆತರೆ ಬಹುಮಂದಿ ಗುಣಹೊಂದುತ್ತಾರೆ.

ಆಸ್ಪತ್ರೆಯೆಂದರೆ ಮಗುವನ್ನು ಅಗಲಬೇಕಾದೀತೆಂದು ತಾಯಿ ಹೆದರುವುದು ಸಹಜ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿ 2009ರಲ್ಲಿ ತಾಯಿ ಮಗು ಜೊತೆಯಾಗಿಯೇ ಇದ್ದು ಚಿಕಿತ್ಸೆ ಪಡೆಯುವ ವಿಭಾಗವೊಂದು ಆರಂಭವಾಯಿತು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯಿದೆಯ ಪ್ರಕಾರ, ಮಗುವಿಗೆ ಅಪಾಯವಿದ್ದ ಹೊರತು, ಮೂರು ವರ್ಷದೊಳಗಿನ ಕೂಸನ್ನು ಚಿಕಿತ್ಸೆಯಲ್ಲಿರುವ ತಾಯಿಯಿಂದ ಸಾಮಾನ್ಯವಾಗಿ ಅಗಲಿಸುವಂತಿಲ್ಲ. 2022ರಿಂದ 14416 ಎಂಬ ಸಂಖ್ಯೆಗೆ ದೂರವಾಣಿ ಮಾಡಿದರೆ, ತಾಯಿಯಾಗಲಿ ಅವಳ ಮನೆಯವರಾಗಲಿ, ಹಗಲಿರುಳೆನ್ನದೆ ಕನ್ನಡದಲ್ಲಿಯೇ ಸಲಹೆ ಪಡೆಯಬಹುದು.