ದೀಪ ಹಚ್ಚಿದಾಗ ಕಾಣುವ ಬಣ್ಣ

ತೊಗಲುಗೊಂಬೆಯೊಂದನ್ನು ಹಗಲು ಹೊತ್ತಿನಲ್ಲಿ ಕೈಯಲ್ಲಿ ಹಿಡಿದು ನೋಡಿದವರಿಗೆ ನಿರಾಸೆಯಾಗುವುದೇ ಹೆಚ್ಚು. ಕೆಂಪು ಮಾಸಿದಂತೆ, ಹಸಿರು ಕಪ್ಪಿಗೆ ತಿರುಗಿದಂತೆ ಕಾಣುತ್ತದೆ. ಅದೇ ಗೊಂಬೆಯನ್ನು ರಾತ್ರಿ ತೆಳು ಬಿಳಿ ಪರದೆಗೆ ಒತ್ತಿ, ಹಿಂದೆ ದೀಪ ಹಚ್ಚಿದರೆ ರಾವಣನ ಹತ್ತು ತಲೆಗಳೂ ಕೆಂಡದಂತೆ ಹೊಳೆಯತೊಡಗುತ್ತವೆ. ಇದೇನು ಕಣ್ಕಟ್ಟೇ? ಹಾಗೇನಿಲ್ಲ. ತೊಗಲಿನ ಮೇಲೆ ಬಣ್ಣ ಹಾಕಿದವನ ಲೆಕ್ಕಾಚಾರವೆಲ್ಲ ಆ ದೀಪಕ್ಕೆ ಸೇರಿದ್ದು.

ಕರ್ನಾಟಕದಲ್ಲಿ ಈ ಕಲೆಯನ್ನು ಉಳಿಸಿಕೊಂಡು ಬಂದವರು ಮುಖ್ಯವಾಗಿ ಕಿಳ್ಳೇಕ್ಯಾತರು. ಕೊಪ್ಪಳದ ಕಡೆ ಇವರು ಶಿಳ್ಳೇಕ್ಯಾತರು. ಮನೆಯೊಳಗೆ ಮರಾಠಿ ಬೆರೆತ ಮಾತಾದರೂ ಪರದೆಯ ಹಿಂದೆ ಕನ್ನಡದ ರಾಮಾಯಣ, ಮಹಾಭಾರತ. ಆಟದ ಹಾಸ್ಯಗಾರನ ಹೆಸರೂ ಕಿಳ್ಳೇಕ್ಯಾತನೇ.

ಚಪ್ಪಲಿಗೆ ಬಳಸುವ ಹದಗೊಳಿಸಿದ ಚರ್ಮ ಈ ಕೆಲಸಕ್ಕೆ ಬಾರದು. ಅದರಲ್ಲಿ ಬೆಳಕು ಹಾಯುವುದಿಲ್ಲ. ಗೊಂಬೆಗೆ ಬೇಕಾದದ್ದು ಹಸಿ ತೊಗಲು. ಅದನ್ನು ನೀರಿನಲ್ಲಿ ನೆನೆಹಾಕಿ, ಕೂದಲನ್ನೂ ಒಳಬದಿಯ ಕೊಬ್ಬನ್ನೂ ಹೆರೆದು ತೆಗೆದು, ಬಿಗಿಯಾಗಿ ಎಳೆದು ಕಟ್ಟಿ ಒಣಗಿಸುತ್ತಾರೆ. ಒಣಗಿದ ಮೇಲೆ ಅದು ಎಣ್ಣೆ ಸವರಿದ ಕಾಗದದ ಹಾಗಾಗುತ್ತದೆ. ಹಿಂದೆ ದೇವರ ಪಾತ್ರಗಳಿಗೆ ಜಿಂಕೆಯ ತೊಗಲೇ ಆಗಬೇಕಿತ್ತು. 1972ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲೆ ರಾಮನಿಗೂ ರಾವಣನಿಗೂ ಆಡಿನ ತೊಗಲೇ ಗತಿಯಾಯಿತು.

ಮೊದಲು ರೇಖೆ ಗೀಚಿಕೊಂಡು, ಅದರ ಮೇಲೆ ಕಪ್ಪು ಮಸಿ ತೀಡುತ್ತಾರೆ. ಬಳಿಕ ಬಗೆಬಗೆಯ ಮೊನೆಯ ಸಣ್ಣ ಉಳಿಗಳಿಂದ ಕಿರೀಟ, ಸರ, ಸೀರೆಯ ಅಂಚಿನಲ್ಲೆಲ್ಲ ರಂಧ್ರ ಕೊರೆಯುತ್ತಾರೆ. ಮುತ್ತಿನ ಸರಕ್ಕೆ ಬಿಳಿ ಬಣ್ಣ ಹಚ್ಚಿದರೆ ಸಾಲದೇ ಎನ್ನಬಹುದು. ಹಚ್ಚಿದರೆ ಆ ಮುತ್ತು ಪರದೆಯ ಮೇಲೆ ಕಪ್ಪಾಗಿಯೇ ಬೀಳುತ್ತದೆ! ರಂಧ್ರದಿಂದ ತೂರಿ ಬರುವ ಬೆಳಕೇ ಇಲ್ಲಿನ ಬಿಳುಪು. ಎಣ್ಣೆ ದೀಪದ ಕುಡಿ ಅಲುಗಾಡಿದಾಗ ಆ ಮುತ್ತುಗಳೂ ಮಿನುಗುತ್ತವೆ. ವಿದ್ಯುತ್ ಬಲ್ಬು ಬಂದ ಮೇಲೆ ಬೆಳಕು ಹೆಚ್ಚಿತು, ಮಿನುಗು ಹೋಯಿತು.

ಬಣ್ಣದ ಗುಟ್ಟೂ ಇಷ್ಟೇ. ಅದು ತೊಗಲಿನ ಮೇಲೆ ಕೂರಬಾರದು, ಒಳಗೆ ಇಳಿಯಬೇಕು. ಆದ್ದರಿಂದಲೇ ಹಳಬರು ಗಿಡಮೂಲದ ನೀರುಬಣ್ಣಗಳನ್ನು ಬಳಸಿದರು. ಈಚಿನವರು ಅಂಗಡಿಯ ರಾಸಾಯನಿಕ ಬಣ್ಣ ತಂದರೂ ತಿಳಿಯಾದದ್ದನ್ನೇ ಆರಿಸುತ್ತಾರೆ. ಎರಡೂ ಬದಿಗೆ ಹಚ್ಚುವುದರಿಂದ ಬಣ್ಣ ಗಾಢವಾಗುತ್ತದೆ, ಯಾವ ಮಗ್ಗುಲನ್ನು ಪರದೆಗೆ ಒತ್ತಿದರೂ ವ್ಯತ್ಯಾಸ ಕಾಣದು. ಗೋಡೆಗೆ ಬಳಿಯುವ ಎನಾಮಲ್ ಪೇಂಟನ್ನು ಬಳಿದರೆ ಗೊಂಬೆ ಕೈಯಲ್ಲಿ ಥಳಥಳ ಹೊಳೆದೀತು. ಪರದೆಯ ಮೇಲೆ ಮಾತ್ರ ಬರೀ ಕರಿ ನೆರಳು. ಅಲಂಕಾರಕ್ಕೆಂದು ಗೋಡೆಗೆ ತೂಗುಹಾಕುವವರಿಗೆ ಇದರಿಂದ ಬಾಧಕವಿಲ್ಲ. ಅಪಾಯ ಇರುವುದೂ ಅಲ್ಲಿಯೇ. ದೀಪದ ಪರೀಕ್ಷೆಯೇ ಇಲ್ಲದ ಮೇಲೆ ತಿಳಿ ಬಣ್ಣ ಯಾರಿಗೆ ಬೇಕು?

ಆಂಧ್ರದ ಧರ್ಮಾವರದ ಬಳಿಯ ನಿಮ್ಮಲಕುಂಟೆಯ ಕಲಾವಿದರು ಬೇರೊಂದು ದಾರಿ ಹಿಡಿದಿದ್ದಾರೆ. ಅಲ್ಲಿನ ಗೊಂಬೆ ಮನೆತನಗಳು ಅದೇ ತೊಗಲಿನಿಂದ ದೀಪದ ಮುಚ್ಚಿಗೆಗಳನ್ನು ಮಾಡುತ್ತವೆ. ಇದು ಆಟವಲ್ಲ, ವ್ಯಾಪಾರ ಎಂದು ಮೂಗು ಮುರಿಯುವವರುಂಟು. ಆದರೆ ಒಳಗೆ ಬಲ್ಬು ಉರಿಯುವ ಈ ಮುಚ್ಚಿಗೆಗೂ ಬೆಳಕು ಬಿಡುವ ಬಣ್ಣವೇ ಬೇಕು. ಗೋಡೆಯ ಚಿತ್ರಕ್ಕಿಂತ ಇದರಲ್ಲೇ ಹಳೆಯ ವಿದ್ಯೆ ಹೆಚ್ಚು ಉಳಿದಿದೆ. ಆ ಊರಿನ ದಳವಾಯಿ ಚಲಪತಿರಾವ್ ಅವರಿಗೆ 2020ರಲ್ಲಿ ಪದ್ಮಶ್ರೀ ಸಂದಿತು. ಕೊಪ್ಪಳ ಜಿಲ್ಲೆಯ ಮೋರನಾಳದ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಅವರಿಗೆ ತೊಂಬತ್ತು ದಾಟಿದ ವಯಸ್ಸಿನಲ್ಲಿ, 2025ರಲ್ಲಿ, ಅದೇ ಗೌರವ ಬಂತು.

ಹರಿದು ಹಾಳಾದ ಗೊಂಬೆಗಳನ್ನು ಎಸೆಯದೆ ಹೊಳೆಗೆ ಬಿಡುವುದು ಗೊಂಬೆಯವರ ರೂಢಿ. ಹೀಗಾಗಿ ಬಹಳ ಹಳೆಯ ಗೊಂಬೆಗಳು ಸಿಗುವುದೇ ಅಪರೂಪ. ಎಂ.ಎಸ್. ನಂಜುಂಡರಾವ್ ಅವರ ಆಸ್ಥೆಯಿಂದ ಕೂಡಿಟ್ಟ ಗೊಂಬೆಗಳು ಬೆಂಗಳೂರಿನ ಕರ್ನಾಟಕ ಚಿತ್ರಕಲಾ ಪರಿಷತ್ತಿನಲ್ಲಿವೆ. ಹಳೆಯ ಕೆಂಪು ಹೇಗಿತ್ತೆಂದು ತಿಳಿಯಬೇಕಾದವರು ಅಲ್ಲಿ ನೋಡಬಹುದು.