ದೀಪಾವಳಿಯಲ್ಲಿ ಸಾಕುಪ್ರಾಣಿಗಳ ಜೋಪಾನ

ದೀಪಾವಳಿ ಬಂತೆಂದರೆ ಮಕ್ಕಳಿಗೆ ಎಲ್ಲಿಲ್ಲದ ಸಂಭ್ರಮ. ಅದೇ ಮನೆಯ ನಾಯಿ, ಬೆಕ್ಕು, ಕೊಟ್ಟಿಗೆಯ ದನಕರುಗಳಿಗೆ ಮಾತ್ರ ಈ ಮೂರ್ನಾಲ್ಕು ದಿನಗಳು ಭಯದ ದಿನಗಳು. ಮನುಷ್ಯರ ವೈದ್ಯನಿಗೆ ಪ್ರಾಣಿಗಳ ಉಸಾಬರಿ ಏಕೆ ಎಂದು ನೀವು ಕೇಳಬಹುದು. ಹಬ್ಬದ ಮಾರನೆಯ ದಿನ ನನ್ನ ಬಳಿಗೆ ಪಟಾಕಿಯಿಂದ ಸುಟ್ಟುಕೊಂಡವರ ಜೊತೆಗೆ ನಾಯಿ ಕಚ್ಚಿದ ಮಕ್ಕಳೂ ಬರುತ್ತಾರೆ. ಕಚ್ಚಿದ್ದು ಬೀದಿ ನಾಯಿಯೇ ಆಗಿರಬೇಕೆಂದಿಲ್ಲ. ದಿನವೂ ಮಗುವಿನೊಡನೆ ಆಡುವ ಮನೆಯ ನಾಯಿಯೇ ಹೆದರಿ ಬಾಯಿ ಹಾಕಿರುತ್ತದೆ. ಪ್ರಾಣಿಯನ್ನು ಜೋಪಾನ ಮಾಡಿದರೆ ಮಗುವನ್ನೂ ಕಾಪಾಡಿದಂತೆ.

ಸದ್ದಿನ ಭಯ

ನಾಯಿಯ ಕಿವಿ ನಮ್ಮದಕ್ಕಿಂತ ಬಹಳ ಚುರುಕು. ನಮಗೆ ಕೇಳಿಸದ ಸಣ್ಣ ಸದ್ದೂ ಅದಕ್ಕೆ ಕೇಳುತ್ತದೆ. ಬಳ್ಳಾರಿಯ ಕೌಲ್ ಬಜಾರ್‌ನಂಥ ಒತ್ತೊತ್ತಾದ ಓಣಿಗಳಲ್ಲಿ ಸಿಡಿದ ಪಟಾಕಿಯ ಸದ್ದು ಗೋಡೆಯಿಂದ ಗೋಡೆಗೆ ಬಡಿದು ಇನ್ನೂ ಜೋರಾಗುತ್ತದೆ. ಆಗ ನಾಯಿ ನಡುಗುತ್ತದೆ, ಜೊಲ್ಲು ಸುರಿಸುತ್ತದೆ, ಮಂಚದ ಕೆಳಗೆ ಸೇರುತ್ತದೆ, ಇಲ್ಲವೇ ಹಗ್ಗ ಕಿತ್ತುಕೊಂಡು ಓಡಿಹೋಗುತ್ತದೆ.

ಹೊತ್ತು ಮುಳುಗುವ ಮುನ್ನವೇ ಅದನ್ನು ತಿರುಗಾಡಿಸಿ, ಊಟ ಹಾಕಿ, ಒಳಕೋಣೆಯಲ್ಲಿ ಬಿಡಿ. ಕಿಟಕಿ ಬಾಗಿಲು ಮುಚ್ಚಿ, ಫ್ಯಾನು ಮತ್ತು ರೇಡಿಯೋ ಅಥವಾ ಟೀವಿ ಹಾಕಿಡಿ. ಕುಡಿಯುವ ನೀರು ಅಲ್ಲಿಯೇ ಇರಲಿ. ಅಂಗಳದಲ್ಲಿ ಕಟ್ಟಿಹಾಕಬೇಡಿ. ಬಚ್ಚಿಟ್ಟುಕೊಂಡಿದ್ದನ್ನು ಹೊರಗೆ ಎಳೆಯಬೇಡಿ, ಗದರಿಸಬೇಡಿ. ಮುಖ್ಯವಾಗಿ, ಹೆದರಿದ ನಾಯಿಯನ್ನು ತಬ್ಬಿಕೊಳ್ಳಲು ಮಕ್ಕಳನ್ನು ಬಿಡಬೇಡಿ. ಕಚ್ಚುವುದು ಆಗಲೇ. ಕೊರಳ ಪಟ್ಟಿಯ ಮೇಲೆ ನಿಮ್ಮ ಫೋನ್ ನಂಬರು ಬರೆದಿಟ್ಟರೆ ತಪ್ಪಿಸಿಕೊಂಡರೂ ಮನೆ ಸೇರೀತು.

ಮನೆಯಲ್ಲಿ ಅಜ್ಜಿ ನುಂಗುವ ನಿದ್ರೆ ಮಾತ್ರೆಯನ್ನು ನಾಯಿಗೆ ಕೊಡಬಹುದೇ ಎಂದು ಕೆಲವರು ಕೇಳುತ್ತಾರೆ. ಖಂಡಿತ ಕೂಡದು. ನಾವು ಜ್ವರಕ್ಕೆ ನುಂಗುವ ಪ್ಯಾರಾಸಿಟಮಾಲ್ ಬೆಕ್ಕಿಗೆ ಪ್ರಾಣಾಂತಿಕ. ತೀರಾ ಹೆದರುವ ಪ್ರಾಣಿಯಾದರೆ ಹಬ್ಬಕ್ಕೆ ಮೊದಲೇ ಪಶುವೈದ್ಯರನ್ನು ಕಾಣಿ.

ಹಬ್ಬದ ಊಟ

ಚಾಕೊಲೇಟ್, ದ್ರಾಕ್ಷಿ, ಒಣದ್ರಾಕ್ಷಿ, ಈರುಳ್ಳಿ, ಬೆಳ್ಳುಳ್ಳಿ ನಾಯಿಗೆ ವಿಷ. ಆದ್ದರಿಂದ ದ್ರಾಕ್ಷಿ ಹಾಕಿದ ಪಾಯಸ, ಈರುಳ್ಳಿ ಬಜ್ಜಿಗಳನ್ನು ಪ್ರೀತಿಯಿಂದಲೂ ಹಾಕಬೇಡಿ. ಸುಟ್ಟ ಸುರುಸುರು ಬತ್ತಿಯ ತಂತಿ, ಪಟಾಕಿಯ ಚೂರುಗಳನ್ನು ಬೆಳಿಗ್ಗೆ ಗುಡಿಸಿ ತೆಗೆಯಿರಿ.

ಸಿರುಗುಪ್ಪ, ಕುರುಗೋಡು ಕಡೆಯ ರೈತರಿಗೆ ಇನ್ನೊಂದು ಮಾತು. ಪಾಡ್ಯದ ದಿನ ಎತ್ತು, ಆಕಳುಗಳ ಮೈ ತೊಳೆದು, ಕೊಂಬಿಗೆ ಬಣ್ಣ ಹಚ್ಚಿ, ಹೋಳಿಗೆ ತಿನ್ನಿಸುವುದು ಒಳ್ಳೆಯ ಪದ್ಧತಿ. ಆದರೆ ಒಂದು ತುಣುಕು ಸಾಕು. ಅನ್ನ, ಹಿಟ್ಟು, ಹೋಳಿಗೆ ಹೆಚ್ಚಾದರೆ ಹೊಟ್ಟೆಯಲ್ಲಿ ಹುಳಿ ಹೆಚ್ಚಿ, ಮೆಲುಕು ನಿಂತು, ಹೊಟ್ಟೆ ಉಬ್ಬರಿಸಿ ದನ ಸಾಯಲೂಬಹುದು. ಕೊಟ್ಟಿಗೆ, ಹುಲ್ಲಿನ ಬಣವೆಗಳ ಹತ್ತಿರ ಪಟಾಕಿ ಬೇಡವೇ ಬೇಡ. ತೊಂದರೆ ಕಂಡರೆ 1962ಕ್ಕೆ ಫೋನ್ ಮಾಡಿ. ಇದು ಸಂಚಾರಿ ಪಶು ಚಿಕಿತ್ಸೆಯ ಸಹಾಯವಾಣಿ.

ಊರಿಗೆ ಹೊರಟಾಗ

ನಾಯಿಯನ್ನು ಬಿಟ್ಟು ಹೋಗುವುದಾದರೆ ಅದಕ್ಕೆ ಪರಿಚಯವಿರುವ ಒಬ್ಬರಿಗೆ ಒಪ್ಪಿಸಿ. ಎರಡು ದಿನದ ಅನ್ನವನ್ನು ಒಮ್ಮೆಗೇ ಸುರಿದು ಹೋಗಬೇಡಿ. ಜೊತೆಗೆ ಒಯ್ಯುವುದಾದರೆ ಲಸಿಕೆಯ ಚೀಟಿ ಇಟ್ಟುಕೊಳ್ಳಿ. ನಿಲ್ಲಿಸಿದ ಕಾರಿನೊಳಗೆ ಕೂಡಿಹಾಕಬೇಡಿ. ನಮ್ಮ ಬಳ್ಳಾರಿ ಬಿಸಿಲಿಗೆ ಕೆಲವೇ ನಿಮಿಷಗಳಲ್ಲಿ ಕಾರು ಒಲೆಯಂತೆ ಕಾಯುತ್ತದೆ.

ಕಚ್ಚಿದರೆ ಏನು ಮಾಡಬೇಕು?

ಇಷ್ಟು ಎಚ್ಚರ ವಹಿಸಿದರೂ ನಾಯಿಯೋ ಬೆಕ್ಕೋ ಕಚ್ಚಿದರೆ, ಪರಚಿದರೆ, ಗಾಯವನ್ನು ಕೂಡಲೇ ಸೋಪು ಹಚ್ಚಿ ಹರಿಯುವ ನೀರಿನಲ್ಲಿ ಪೂರಾ 15 ನಿಮಿಷ ತೊಳೆಯಿರಿ. ಗಡಿಯಾರ ನೋಡಿಕೊಂಡೇ ತೊಳೆಯಿರಿ. ಖಾರದ ಪುಡಿ, ಸುಣ್ಣ, ಅರಿಶಿನ, ಎಣ್ಣೆ ಯಾವುದನ್ನೂ ಹಚ್ಚಬೇಡಿ, ಬಿಗಿಯಾಗಿ ಕಟ್ಟಬೇಡಿ. ಅನಂತರ ತಡಮಾಡದೆ ಆಸ್ಪತ್ರೆಗೆ ಹೋಗಿ. ಸರ್ಕಾರಿ ಆಸ್ಪತ್ರೆಗಳಲ್ಲಿ ರೇಬೀಸ್ ಲಸಿಕೆ ಉಚಿತ.

ಹೊಕ್ಕುಳ ಸುತ್ತ 14 ಚುಚ್ಚುಮದ್ದು ಎಂಬ ಹಳೆಯ ಹೆದರಿಕೆ ಹಿರಿಯರಲ್ಲಿ ಇನ್ನೂ ಉಳಿದಿದೆ. ಆ ಲಸಿಕೆಯ ಬಳಕೆ ನಮ್ಮ ದೇಶದಲ್ಲಿ 2005ರ ಹೊತ್ತಿಗೇ ನಿಂತಿತು. ಈಗ ತೋಳಿಗೆ ಚುಚ್ಚುತ್ತಾರೆ. ಮೊದಲ ದಿನವನ್ನು ಸೊನ್ನೆ ಎಂದು ಲೆಕ್ಕ ಹಿಡಿದು, ಚರ್ಮದೊಳಗೆ ಕೊಡುವುದಾದರೆ 0, 3, 7 ಮತ್ತು 28ನೆಯ ದಿನ. ಸ್ನಾಯುವಿಗೆ ಕೊಡುವುದಾದರೆ 14ನೆಯ ದಿನವೂ ಸೇರಿ ಐದು ಸಲ. ರಕ್ತ ಬಂದ ಗಾಯವಾದರೆ ಗಾಯದ ಸುತ್ತ ಇಮ್ಯುನೋಗ್ಲೋಬ್ಯುಲಿನ್ ಕೂಡ ಬೇಕಾಗುತ್ತದೆ.

‘ನಮ್ಮ ನಾಯಿಯೇ ತಾನೇ, ಏನೂ ಆಗುವುದಿಲ್ಲ’ ಎನ್ನಬೇಡಿ. ಬೀದಿ ನಾಯಿಯೊಡನೆ ಕಾದಾಡಿ ಬಂದ ಮನೆಯ ನಾಯಿಗೂ ರೇಬೀಸ್ ತಗಲಬಹುದು. ಕಚ್ಚಿದ ಪ್ರಾಣಿಯನ್ನು ಹೊಡೆದು ಕೊಲ್ಲದೆ 10 ದಿನ ಕಣ್ಣಿಟ್ಟು ನೋಡಿ. ಆದರೆ ಆ 10 ದಿನ ಮುಗಿಯಲಿ ಎಂದು ಲಸಿಕೆಯನ್ನು ಮುಂದೂಡಬೇಡಿ. ಮೊದಲು ಲಸಿಕೆ ಶುರುವಾಗಲಿ. ನಾಯಿ ಆರೋಗ್ಯವಾಗಿದ್ದರೆ ಮುಂದಿನದನ್ನು ವೈದ್ಯರು ತೀರ್ಮಾನಿಸುತ್ತಾರೆ. ರೇಬೀಸ್ ಲಕ್ಷಣ ಕಾಣಿಸಿಕೊಂಡ ಮೇಲೆ ರೋಗಿಯನ್ನು ಉಳಿಸುವ ಔಷಧಿ ನಮ್ಮಲ್ಲಿಲ್ಲ. ಸಕಾಲಕ್ಕೆ ಗಾಯ ತೊಳೆದು ಲಸಿಕೆ ಪೂರ್ತಿ ಹಾಕಿಸಿಕೊಂಡರೆ ಇದು ಪೂರ್ಣವಾಗಿ ತಡೆಯಬಹುದಾದ ರೋಗ.

ನಾಯಿಮರಿಗೆ ಮೂರು ತಿಂಗಳಾದಾಗ ಮೊದಲ ರೇಬೀಸ್ ಲಸಿಕೆ ಹಾಕಿಸಿ, ಮುಂದೆ ಪಶುವೈದ್ಯರು ಹೇಳಿದಂತೆ ವರ್ಷ ವರ್ಷವೂ ಹಾಕಿಸಿ. ಬೆಕ್ಕಿಗೂ ಇದು ಬೇಕು. ಈ ವರ್ಷದ ಲಸಿಕೆ ಆಗಿದೆಯೇ ಎಂದು ಇಂದೇ ಚೀಟಿ ತೆಗೆದು ನೋಡಿ. ಆಗಿಲ್ಲವಾದರೆ ಪಟಾಕಿ ಕೊಳ್ಳುವ ಮುನ್ನ ಆ ಕೆಲಸ ಮುಗಿಸಿ.