‘ದೊಡ್ಡವಳಾದಳು’ ಎಂಬ ಮಾತು ಮತ್ತು ಎಂಟನೇ ತರಗತಿಯ ಒಂದು ವಿಜ್ಞಾನ ಪಾಠ

ಆಂಡರ್ಸನ್‌ಪೇಟೆಯ ಪ್ರೌಢಶಾಲೆಯೊಂದರಲ್ಲಿ ಬೋಧನಾಭ್ಯಾಸಕ್ಕೆ ಹೋಗಿದ್ದಾಗ ಎಂಟನೇ ತರಗತಿಗೆ ಹದಿಹರೆಯದ ಪಾಠ ಮಾಡುವ ಸರದಿ ನನ್ನದಾಯಿತು. ಪಾಠಯೋಜನೆಯ ಪೀಠಿಕೆಯಲ್ಲಿ ‘ಒಬ್ಬರು ದೊಡ್ಡವರಾದರು ಎಂದು ಹೇಗೆ ಗೊತ್ತಾಗುತ್ತದೆ?’ ಎಂಬ ಪ್ರಶ್ನೆ ಬರೆದುಕೊಂಡಿದ್ದೆ. ಎತ್ತರ, ಧ್ವನಿ, ಮೀಸೆ ಎಂಬ ಉತ್ತರಗಳು ಬರುತ್ತವೆ ಎಂದುಕೊಂಡಿದ್ದೆ. ಹಿಂದಿನ ಬೆಂಚಿನ ಹುಡುಗನೊಬ್ಬ, ‘ಬೀದೀಲಿ ಫ್ಲೆಕ್ಸ್ ಹಾಕ್ತಾರೆ ಮಿಸ್’ ಎಂದ. ಎಲ್ಲರೂ ನಕ್ಕರು. ಹಲವು ದಿನ ಗೈರುಹಾಜರಾಗಿ ಆ ವಾರವಷ್ಟೇ ಮರಳಿದ್ದ ಹುಡುಗಿಯೊಬ್ಬಳು ತಲೆ ತಗ್ಗಿಸಿದವಳು ಗಂಟೆ ಹೊಡೆಯುವವರೆಗೂ ಎತ್ತಲಿಲ್ಲ.

ಹುಡುಗ ಹೇಳಿದ್ದು ಸುಳ್ಳಲ್ಲ. ಚಿನ್ನದ ಗಣಿಗೆ ಕೆಲಸಕ್ಕೆಂದು ಬಂದ ತಮಿಳು, ತೆಲುಗು ಕುಟುಂಬಗಳು ತಮ್ಮ ಶಾಸ್ತ್ರಗಳನ್ನೂ ಜೊತೆಗೆ ತಂದವು. ತಮಿಳರ ಮನೆಗಳಲ್ಲಿ ಹುಡುಗಿ ಮೊದಲ ಸಲ ಮುಟ್ಟಾದಾಗ ಅವಳನ್ನು ಬೇರೆ ಕೂರಿಸುತ್ತಾರೆ. ಸೋದರಮಾವ ತೆಂಗಿನ ಗರಿಯ ಗುಡಿಸಲು ಕಟ್ಟುತ್ತಾನೆ. ಆಮೇಲೆ ಮಂಜಳ್ ನೀರಾಟ್ಟು, ಅಂದರೆ ಅರಿಸಿನ ನೀರಿನ ಸ್ನಾನ. ಮಾವನ ಮನೆಯಿಂದ ತಟ್ಟೆಗಳಲ್ಲಿ ಸೀರ್, ರೇಷ್ಮೆ ಸೀರೆ, ಊಟ. ಕನ್ನಡದಲ್ಲಿ ಇದಕ್ಕೆ ಒಸಗೆ ಎಂಬ ಹಳೆಯ ಹೆಸರಿದೆ. ಆರತಿ ಎಂದೂ ಕರೆಯುತ್ತಾರೆ. ನನಗೂ ಮಾಡಿದ್ದರು. ಚಿಗಳಿಯ ರುಚಿ ನೆನಪಿದೆ, ಏನಾಯಿತೆಂದು ಯಾರೂ ವಿವರಿಸಿ ಹೇಳದಿದ್ದುದೂ ನೆನಪಿದೆ.

ಅಂದು ಸಂಜೆ ಯೋಚಿಸುವಾಗ ಭಾಷೆಯತ್ತ ಗಮನ ಹೋಯಿತು. ಕನ್ನಡದಲ್ಲಿ ‘ದೊಡ್ಡವಳಾದಳು’, ತೆಲುಗಿನಲ್ಲಿ ‘ಪೆದ್ದ ಮನಿಷಿ’, ತಮಿಳಿನಲ್ಲಿ ‘ಪೆರಿಯ ಮನುಷಿ’. ಮೂರು ಭಾಷೆಗಳಲ್ಲೂ ಒಂದೇ ದಿನದಲ್ಲಿ ಮಗು ದೊಡ್ಡವಳಾಗಿಬಿಡುತ್ತಾಳೆ. ಮಕ್ಕಳು ಈ ಪದವನ್ನು ಹೊತ್ತುಕೊಂಡೇ ತರಗತಿಗೆ ಬಂದಿರುತ್ತಾರೆ; ಅದನ್ನು ಬಿಡಿಸದೆ ಗ್ರಂಥಿಗಳ ಚಿತ್ರ ಬರೆದು ಪ್ರಯೋಜನವಿಲ್ಲ.

ಮರುದಿನ ಕಪ್ಪುಹಲಗೆಯ ಮೇಲೆ ಉದ್ದಕ್ಕೆ ಒಂದು ಗೆರೆ ಎಳೆದು 8ರಿಂದ 21ರವರೆಗೆ ವಯಸ್ಸು ಗುರುತಿಸಿದೆ. ಗೆರೆಯ ಮೇಲೆ ದೇಹದ ಸಂಗತಿ. ಮಿದುಳಿನ ಹೈಪೋಥಲಾಮಸ್ ಪಿಟ್ಯುಟರಿಗೆ ಸೂಚನೆ ಕೊಡುತ್ತದೆ, ಪಿಟ್ಯುಟರಿಯ ಹಾರ್ಮೋನುಗಳು ಅಂಡಾಶಯವನ್ನು ಎಚ್ಚರಿಸುತ್ತವೆ, ಅಂಡಾಶಯ ಈಸ್ಟ್ರೋಜನ್ ಸ್ರವಿಸುತ್ತದೆ. ಹುಡುಗಿಯರಲ್ಲಿ ಇದು ಸಾಮಾನ್ಯವಾಗಿ 8ರಿಂದ 13 ವರ್ಷದೊಳಗೆ ಶುರುವಾಗುತ್ತದೆ. ಮೊದಲ ಮುಟ್ಟು ಬರುವುದು ಸ್ತನಗಳ ಬೆಳವಣಿಗೆ ತೊಡಗಿ ಸುಮಾರು ಎರಡು ವರ್ಷಗಳ ನಂತರ. ಅಷ್ಟರಲ್ಲಿ ಎತ್ತರ ಬಿರುಸಾಗಿ ಹೆಚ್ಚುವ ಹಂತ ದಾಟಿರುತ್ತದೆ. ಅಂದರೆ ಶಾಸ್ತ್ರ ಮಾಡುವ ದಿನ ಬೆಳವಣಿಗೆಯ ಆರಂಭವೂ ಅಲ್ಲ, ಕೊನೆಯೂ ಅಲ್ಲ. ಮೊದಲ ಒಂದೆರಡು ವರ್ಷ ಋತುಚಕ್ರ ಏರುಪೇರಾಗುವುದು ಸಹಜ, ಮೂಳೆಗಳು ಇನ್ನೂ ಬಲಿಯುತ್ತಿರುತ್ತವೆ. ಕಣ್ಣಿಗೆ ಕಾಣುವ ಒಂದು ಗುರುತನ್ನು ಹಿರಿಯರು ಆರಿಸಿಕೊಂಡರು, ಅಷ್ಟೆ.

ಗೆರೆಯ ಕೆಳಗೆ ಕಾನೂನು: ಮತದಾನಕ್ಕೆ 18, ಮದುವೆಗೆ ಹುಡುಗಿಗೆ 18, ಹುಡುಗನಿಗೆ 21. ಮೊದಲ ಮುಟ್ಟಿನ ಗುರುತಿಗೂ 18ಕ್ಕೂ ನಡುವಿನ ಅಂತರ ತುಂಬಲು ಬಣ್ಣದ ಸೀಮೆಸುಣ್ಣ ಕೊಟ್ಟೆ. ಮುಂದಿನ ಬೆಂಚಿನವಳು ತುಂಬಿ, ‘ಐದಾರು ವರ್ಷ ಇದೆ ಮಿಸ್’ ಎಂದಳು. ಹಿಂದಿನ ದಿನ ನಾನು ಕೇಳಬೇಕಾಗಿದ್ದದ್ದು ಈ ಲೆಕ್ಕ. ಶಾಸ್ತ್ರ ಮುಗಿದ ಮೇಲೆ ಮನೆಗಳಲ್ಲಿ ಮದುವೆಯ ಮಾತು ತೊಡಗುವುದು, ಆಟ ನಿಲ್ಲುವುದು ಈ ಬಣ್ಣದ ಭಾಗದಲ್ಲೇ.

‘ನಮಗೆ ಯಾವಾಗ ಮಿಸ್?’ ಎಂದು ಹುಡುಗರು ಕೇಳಿದರು. ಅವರಿಗೆ ಚಪ್ಪರವಿಲ್ಲ. ಅಜ್ಜನ ಕಾಲದಲ್ಲಿ ಗಣಿಗೆ ಇಳಿದು ಸಂಬಳ ತಂದವನು ದೊಡ್ಡವನು. 2001ರ ಫೆಬ್ರವರಿ 28ರಂದು ಗಣಿ ಮುಚ್ಚಿದ ಮೇಲೆ ಆ ಬಾಗಿಲೂ ಇಲ್ಲ. ಈಗ ಬೆಂಗಳೂರಿನ ರೈಲು ಹತ್ತಿದವನು ದೊಡ್ಡವನು. ಧ್ವನಿ ಒಡೆಯುವುದು, ಟೆಸ್ಟೋಸ್ಟಿರಾನ್ ಇವೆಲ್ಲ ಅದೇ ಗೆರೆಯ ಮೇಲೆ ಬಂದವು. ಹುಡುಗರನ್ನು ಹೊರಗೆ ಕಳುಹಿಸಿ ಪಾಠ ಮಾಡುವಂತೆ ಕೆಲವರು ಸಲಹೆ ಕೊಟ್ಟಿದ್ದರು. ನಾನು ಒಪ್ಪಲಿಲ್ಲ. ಹೊರಗೆ ನಿಂತವರಿಗೆ ಫ್ಲೆಕ್ಸ್ ಮಾತ್ರ ಕಾಣುತ್ತದೆ.

ಕೊನೆಗೆ ಹೆಸರಿಲ್ಲದ ಚೀಟಿಗಳಲ್ಲಿ ಪ್ರಶ್ನೆ ಬರೆಯಲು ಹೇಳಿದೆ. ಹೊಟ್ಟೆನೋವಿನ ಬಗ್ಗೆ ನಾಲ್ಕು ಬಂದವು. ಒಂದರಲ್ಲಿ ಹೀಗಿತ್ತು: ‘ಖೋಖೋ ಆಡಿದರೆ ಏನೂ ಆಗಲ್ಲವಾ? ರಜೆಯಲ್ಲಿ ಹೋದ ಗಣಿತ ಯಾರು ಹೇಳಿಕೊಡ್ತಾರೆ?’ ಏನೂ ಆಗುವುದಿಲ್ಲ, ಧಾರಾಳವಾಗಿ ಆಡಬಹುದು ಎಂದು ಇಡೀ ತರಗತಿಗೆ ಹೇಳಿದೆ. ಗಣಿತದ ಪ್ರಶ್ನೆಗೆ ನನ್ನ ಪಾಠಯೋಜನೆಯಲ್ಲಿ ಜಾಗವೇ ಇರಲಿಲ್ಲ. ಗಣಿತ ತೆಗೆದುಕೊಂಡಿದ್ದ ಸಹಪಾಠಿ ಊಟದ ವಿರಾಮದಲ್ಲಿ ನಾಲ್ಕು ದಿನ, ಕೇಳಿದವರು ಯಾರೆಂದು ವಿಚಾರಿಸದೆ, ಬಂದವರಿಗೆಲ್ಲ ಅಪವರ್ತನ ಹೇಳಿಕೊಟ್ಟರು. ಮೊದಲ ದಿನ ಬಂದವರು ಆರು ಮಂದಿ, ಅವರಲ್ಲಿ ಇಬ್ಬರು ಹುಡುಗರು.